ದೊಡ್ಡ ಅಕ್ವೇರಿಯಂಗೆ ಯಾವ ಫಿಲ್ಟರ್? ಸಂಪ್, ಕ್ಯಾನಿಸ್ಟರ್, ಟಾಪ್ ಫಿಲ್ಟರ್, ಸ್ಪಂಜುಗಳ ಹೋಲಿಕೆ

ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ತಂದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದೇ: ಕ್ಯಾನಿಸ್ಟರ್ (ಮುಚ್ಚಿದ ಡಬ್ಬದ ಫಿಲ್ಟರ್) ಹಾಕಲೋ, ಸಂಪ್ (ಕೆಳಗಿಡುವ ಎರಡನೇ ತೊಟ್ಟಿ) ಮಾಡಿಸಲೋ? ಇತ್ತೀಚೆಗೆ ಮೂವರು ಓದುಗರು ಇದನ್ನೇ ಕೇಳಿದರು. ಒಬ್ಬರು ಆಸ್ಕರ್ ಎಂಬ ದೊಡ್ಡ ಮೀನು ಸಾಕಿದ್ದಾರೆ, ಇನ್ನೊಬ್ಬರದು ಗಿಡ ತುಂಬಿದ ತೊಟ್ಟಿ, ಮತ್ತೊಬ್ಬರಿಗೆ ಡಿಸ್ಕಸ್ ಮೀನು ಇಡುವ ಆಸೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರ ಮೀನುಗಳಿಗಾದರೂ ಕಷ್ಟ. ಹಾಗಾಗಿ ಯಾವುದನ್ನು ಕೊಳ್ಳಬೇಕು ಎನ್ನುವ ಮೊದಲು ಏನನ್ನು ನೋಡಿ ಕೊಳ್ಳಬೇಕು ಎಂಬುದನ್ನು ಬರೆಯುತ್ತೇನೆ.

ಆ ಅಳತೆಯ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೆ 24 ಘನ ಅಡಿ, ಅಂದರೆ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ಉದ್ದ ನಾಲ್ಕಡಿಯಾದರೆ 450 ಲೀಟರ್. ದೊಡ್ಡ ತೊಟ್ಟಿ ಎಂದು ನಾನಿಲ್ಲಿ ಕರೆಯುವುದು 400 ಲೀಟರಿಗೆ ಮೇಲ್ಪಟ್ಟದ್ದನ್ನು.

ಫಿಲ್ಟರ್ ಮಾಡುವ ಕೆಲಸ

ಫಿಲ್ಟರ್ ಎಂದ ಕೂಡಲೇ ಕಸ ಹಿಡಿಯುವ ಜರಡಿ ಕಣ್ಣಮುಂದೆ ಬರುತ್ತದೆ. ಅದು ಅದರ ಸಣ್ಣ ಕೆಲಸ. ದೊಡ್ಡ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಮೀನು ತನ್ನ ಮೈಯೊಳಗಿನ ಅಮೋನಿಯಾದ ಬಹುಪಾಲನ್ನು ಕಿವಿರುಗಳ ಮೂಲಕವೇ ನೀರಿಗೆ ಬಿಡುತ್ತದೆ. ಹಿಕ್ಕೆ, ಉಳಿದ ತಿನಿಸು ಕೊಳೆತು ಇನ್ನಷ್ಟು ಸೇರಿಸುತ್ತವೆ. ಫಿಲ್ಟರಿನೊಳಗೆ ಸ್ಪಂಜು, ಸೆರಾಮಿಕ್ ರಿಂಗು, ಲಾವಾ ಕಲ್ಲುಗಳ ಮೇಲೆ ಅಂಟಿಕೊಂಡು ಬದುಕುವ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಮೊದಲೆರಡು ಮೀನಿಗೆ ವಿಷ. ಮೂರನೆಯದನ್ನು ಮೀನು ಒಂದು ಮಟ್ಟದವರೆಗೆ ತಾಳಿಕೊಳ್ಳುತ್ತದೆ. ಅದನ್ನು ತೆಗೆಯಲು ನೀರು ಬದಲಿಸಬೇಕು, ಇಲ್ಲವೇ ಗಿಡಗಳು ಹೀರಬೇಕು. ಎಷ್ಟು ದುಬಾರಿ ಫಿಲ್ಟರ್ ತಂದರೂ ವಾರದ ನೀರು ಬದಲಾವಣೆ ತಪ್ಪುವುದಿಲ್ಲ.

ಈ ಬ್ಯಾಕ್ಟೀರಿಯಾಗಳಿಗೆ ಉಸಿರು ಬೇಕು. ಅಮೋನಿಯಾದಲ್ಲಿರುವ ಒಂದು ಗ್ರಾಂ ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ ಸುಮಾರು 4.5 ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. ನೀರಿನಲ್ಲಿರುವುದಾದರೂ ಎಷ್ಟು? 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಹೆಚ್ಚೆಂದರೆ 8.3 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.5. ಅದರಲ್ಲೇ ಮೀನೂ ಉಸಿರಾಡಬೇಕು, ಫಿಲ್ಟರೂ ಉಸಿರಾಡಬೇಕು. ಎರಡು ಫಿಲ್ಟರುಗಳನ್ನು ಪಕ್ಕಪಕ್ಕ ಇಟ್ಟರೆ ನಾನು ಮೊದಲು ನೋಡುವುದು ಮೀಡಿಯಾದ (ಬ್ಯಾಕ್ಟೀರಿಯಾ ಅಂಟಿರುವ ಆ ಸ್ಪಂಜು, ರಿಂಗು, ಕಲ್ಲುಗಳ) ಒಳಗಿನವರೆಗೆ ಆಮ್ಲಜನಕ ತುಂಬಿದ ನೀರು ಯಾವುದರಲ್ಲಿ ಚೆನ್ನಾಗಿ ಹರಿಯುತ್ತದೆ ಎಂಬುದನ್ನು.

ನೀರಿನ ಪಿಎಚ್ ಕೂಡ ಲೆಕ್ಕಕ್ಕೆ ಬರುತ್ತದೆ. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಪಾಲು ಮಾತ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇಕಡಾ 5ಕ್ಕೆ ಏರುತ್ತದೆ. ಪಿಎಚ್ ಹೆಚ್ಚಿರುವ ಗಡಸು ನೀರಿನಲ್ಲಿ ಆಫ್ರಿಕನ್ ಸಿಕ್ಲಿಡ್ ಮೀನು ಸಾಕುವವರ ಫಿಲ್ಟರ್ ಒಂದು ದಿನ ಸೋತರೂ ಪೆಟ್ಟು ಬೇಗ ಬೀಳುತ್ತದೆ.

ಆರಿಸುವ ಮೊದಲು ಅಳೆಯಬೇಕಾದವು

ಮೊದಲನೆಯದು ಹೊರೆ. ತೊಟ್ಟಿ ಎಷ್ಟು ಲೀಟರಿನದು ಎಂಬುದಕ್ಕಿಂತ ಅದರಲ್ಲಿ ಎಷ್ಟು ಮೈತೂಕದ ಮೀನಿದೆ, ದಿನಕ್ಕೆ ಎಷ್ಟು ತಿನಿಸು ಬೀಳುತ್ತದೆ ಎಂಬುದು ಮುಖ್ಯ. ಇಷ್ಟು ಲೀಟರಿಗೆ ಇಷ್ಟು ಅಂಗುಲ ಮೀನು ಎಂಬ ಹಳೆಯ ಲೆಕ್ಕ ದೊಡ್ಡ ಮೀನಿಗೆ ಒಗ್ಗುವುದಿಲ್ಲ. ಒಂದೇ ಆಕಾರದ ಎರಡು ಮೀನುಗಳಲ್ಲಿ ಒಂದರ ಉದ್ದ ಇನ್ನೊಂದರ ಎಂಟು ಪಟ್ಟಾದರೆ ತೂಕ 8×8×8, ಅಂದರೆ 512 ಪಟ್ಟಾಗುತ್ತದೆ. ಒಂದಡಿಯ ಆಸ್ಕರ್ ಒಂದನ್ನು ಒಂದೂವರೆ ಅಂಗುಲದ ಎಂಟು ಟೆಟ್ರಾಗಳಿಗೆ ಸಮ ಎಂದುಕೊಂಡರೆ ಫಿಲ್ಟರ್ ಸೋಲುವುದು ಖಂಡಿತ.

ಎರಡನೆಯದು ಹರಿವು. ಗಂಟೆಗೆ ತೊಟ್ಟಿಯ ನೀರಿನ ನಾಲ್ಕೈದು ಪಟ್ಟು ಫಿಲ್ಟರಿನ ಮೂಲಕ ಹಾದುಹೋಗಲಿ ಎಂಬುದು ಸಾಮಾನ್ಯವಾಗಿ ಹೇಳುವ ಮಾತು. ಮಾತು ಸರಿಯೇ, ಆದರೆ ಡಬ್ಬದ ಮೇಲೆ ಅಚ್ಚಾಗಿರುವ ಅಂಕಿಯನ್ನು ಹಾಗೇ ನಂಬಬೇಡಿ. ಅದು ಬಹುಮಟ್ಟಿಗೆ ಖಾಲಿ ಡಬ್ಬದಲ್ಲಿ, ನೀರನ್ನು ಮೇಲೆತ್ತುವ ಶ್ರಮವಿಲ್ಲದೆ ಅಳೆದದ್ದು. ನನ್ನ ಒಂದು ಕ್ಯಾನಿಸ್ಟರಿನ ಮೇಲೆ ಗಂಟೆಗೆ 2000 ಲೀಟರ್ ಎಂದಿತ್ತು. ಮೀಡಿಯಾ ತುಂಬಿ, 20 ಲೀಟರ್ ಬಕೆಟ್ ಹಿಡಿದು, ಫೋನಿನಲ್ಲಿ ಸಮಯ ನೋಡಿದೆ. ಬಕೆಟ್ ತುಂಬಲು 62 ಸೆಕೆಂಡ್ ಬೇಕಾಯಿತು. ಗಂಟೆಗೆ 1160 ಲೀಟರ್ ಮಾತ್ರ. ಮೂರು ತಿಂಗಳು ತೊಳೆಯದೆ ಬಿಟ್ಟು ಮತ್ತೆ ಅಳೆದಾಗ 95 ಸೆಕೆಂಡ್, ಗಂಟೆಗೆ 760ಕ್ಕೂ ಕಡಿಮೆ. ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಒಂದೇ ಎಚ್ಚರಿಕೆ: ಬಕೆಟನ್ನು ಎತ್ತರದ ಸ್ಟೂಲಿನ ಮೇಲಿಟ್ಟು ಪೈಪಿನ ಬಾಯಿಯನ್ನು ತೊಟ್ಟಿಯ ನೀರಿನ ಮಟ್ಟದಲ್ಲೇ ಹಿಡಿಯಬೇಕು. ಕೆಳಗೆ ಹಿಡಿದರೆ ಸೈಫನ್ ಸೆಳೆತವೂ (ಪೈಪಿನಲ್ಲಿ ನೀರು ತಾನಾಗಿ ಕೆಳಕ್ಕೆ ಎಳೆದುಕೊಳ್ಳುವುದು) ಸೇರಿ ಇಲ್ಲದ ಹರಿವು ಕಾಣಿಸುತ್ತದೆ.

ಮೂರನೆಯದು ನಿಮ್ಮ ಕೈ. ಯಾವ ಫಿಲ್ಟರನ್ನು ನೀವು ಬೇಸರವಿಲ್ಲದೆ ತೊಳೆಯುತ್ತೀರೋ ಅದೇ ನಿಮ್ಮ ತೊಟ್ಟಿಗೆ ಒಳ್ಳೆಯ ಫಿಲ್ಟರ್. ಸೊಂಟ ನೋವಿರುವವರು, ಮನೆಯಲ್ಲಿ ಎಳೆ ಮಕ್ಕಳಿರುವವರು, ಕೆಲಸದ ಮೇಲೆ ವಾರಗಟ್ಟಲೆ ಊರು ಬಿಡುವವರು ಇದನ್ನು ಎಲ್ಲಕ್ಕಿಂತ ಮೊದಲು ಯೋಚಿಸಬೇಕು.

ನಾಲ್ಕನೆಯದು ಕರೆಂಟು ಹೋದಾಗ ಏನಾಗುತ್ತದೆ ಎಂಬುದು. ಐದನೆಯದು ಏನಾದರೂ ಕೆಟ್ಟರೆ ನೆಲಕ್ಕೆ ಎಷ್ಟು ನೀರು ಬೀಳುತ್ತದೆ ಎಂಬುದು. ಈ ಎರಡನ್ನು ಅಂಗಡಿಯಲ್ಲಿ ನಿಂತು ಯಾರೂ ಕೇಳುವುದಿಲ್ಲ. ಸದ್ದು, ಕರೆಂಟು ಖರ್ಚು, ಕೊಳ್ಳುವ ಬೆಲೆ ಇವುಗಳ ನಂತರ ಬರಲಿ.

ಸಂಪ್

ಇಲ್ಲಿ ಸಂಪ್ ಎಂದರೆ ನೆಲದಡಿಯ ನೀರಿನ ತೊಟ್ಟಿಯಲ್ಲ. ಅಕ್ವೇರಿಯಂನ ಸ್ಟ್ಯಾಂಡಿನೊಳಗೆ ಕೂರುವ ಎರಡನೇ ಗಾಜಿನ ತೊಟ್ಟಿ. ಮೇಲಿನ ತೊಟ್ಟಿಯ ನೀರು ಓವರ್‌ಫ್ಲೋ (ಮೇಲ್ಮಟ್ಟದ ನೀರು ಹರಿದುಹೋಗುವ ಬಾಯಿ) ಮೂಲಕ ತಾನಾಗಿ ಕೆಳಗಿಳಿದು, ಕಸ ಹಿಡಿಯುವ ಫಿಲ್ಟರ್ ಉಣ್ಣೆ, ಸ್ಪಂಜು, ರಿಂಗುಗಳ ಕೋಣೆಗಳನ್ನು ದಾಟಿ, ಕೊನೆಯ ಕೋಣೆಯ ಪಂಪಿನಿಂದ ಮತ್ತೆ ಮೇಲೇರುತ್ತದೆ.

ಹೊರೆ ಹೆಚ್ಚಿರುವ ತೊಟ್ಟಿಗೆ ಇದಕ್ಕಿಂತ ಸಮರ್ಥ ವ್ಯವಸ್ಥೆ ನಾನು ಕಂಡಿಲ್ಲ. ನೀರು ಬೀಳುವಾಗಲೇ ಗಾಳಿ ಬೆರೆಯುತ್ತದೆ. ಮೀಡಿಯಾಕ್ಕೆ ಜಾಗ ಧಾರಾಳ. ಹೀಟರ್ ಕೆಳಗೇ ಇರುವುದರಿಂದ ದೊಡ್ಡ ಮೀನು ಬಾಲ ಬೀಸಿ ಒಡೆಯುವ ಭಯವಿಲ್ಲ. ಆವಿಯಾಗಿ ನೀರು ಕಡಿಮೆಯಾದರೆ ಅದು ಸಂಪಿನ ಕೊನೆಯ ಕೋಣೆಯಲ್ಲಿ ಮಾತ್ರ ಗೊತ್ತಾಗುತ್ತದೆ, ಮೇಲಿನ ತೊಟ್ಟಿಯ ಮಟ್ಟ ಕದಲುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಉಣ್ಣೆ ಬದಲಿಸಲು ಎರಡೇ ನಿಮಿಷ ಸಾಕು. ಏನನ್ನೂ ಬಿಚ್ಚಬೇಕಿಲ್ಲ, ಪಂಪ್ ನಿಲ್ಲಿಸಲೂ ಬೇಕಿಲ್ಲ. ಬಾಗಿಲು ತೆಗೆದು, ಕಂದು ಬಣ್ಣಕ್ಕೆ ತಿರುಗಿದ ಉಣ್ಣೆಯನ್ನೆತ್ತಿ ಹೊಸದನ್ನು ಹಾಸಿದರಾಯಿತು. ಹಿಕ್ಕೆ ಕರಗಿ ಅಮೋನಿಯಾ ಆಗುವ ಮೊದಲೇ ಅದು ನೀರಿನಿಂದ ಹೊರಗೆ ಹೋಗುತ್ತದೆ.

ಆದರೆ ಸಂಪ್ ಕಟ್ಟುವವರು ಎರಡು ಲೆಕ್ಕಗಳನ್ನು ಕಾಗದದ ಮೇಲೆ ಬರೆದು ನೋಡಲೇಬೇಕು. ಇದನ್ನು ಬಡಗಿಗೂ ಗಾಜಿನವನಿಗೂ ಬಿಡಬಾರದು.

ಮೊದಲ ಲೆಕ್ಕ ಪಂಪ್ ನಿಂತಾಗಿನದು. ಕರೆಂಟು ಹೋದರೆ ಮೇಲಿನ ನೀರು ಓವರ್‌ಫ್ಲೋ ಅಂಚಿನವರೆಗೆ ಇಳಿಯುತ್ತದೆ. ಜೊತೆಗೆ ರಿಟರ್ನ್ ಪೈಪಿನ (ಪಂಪಿನಿಂದ ನೀರನ್ನು ಮೇಲಕ್ಕೊಯ್ಯುವ ಪೈಪು) ಬಾಯಿ ನೀರಿನಲ್ಲಿ ಮುಳುಗಿದ್ದರೆ ಅದೇ ಪೈಪಿನಲ್ಲಿ ಸೈಫನ್ ಹಿಡಿದು ನೀರು ಹಿಂದಕ್ಕೆ ಬರುತ್ತದೆ. ಆರಡಿಗೆ ಎರಡಡಿ ತೊಟ್ಟಿಯಲ್ಲಿ ಒಂದು ಅಂಗುಲ ನೀರೆಂದರೆ ಸರಿಯಾಗಿ ಒಂದು ಘನ ಅಡಿ, 28 ಲೀಟರ್. ಪೈಪಿನ ಬಾಯಿ ಎರಡಂಗುಲ ಕೆಳಗಿದ್ದರೆ 56 ಲೀಟರ್ ಸಂಪಿಗೆ ಬಂತು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ಸಂಪ್ 212 ಲೀಟರಿನದು. ಅರ್ಧದಷ್ಟು ನೀರಿನಲ್ಲಿ ಓಡಿಸಿದರೆ ಇನ್ನೂ ನೂರು ಲೀಟರಿಗೆ ಜಾಗವಿರುತ್ತದೆ. ಮುಕ್ಕಾಲು ತುಂಬಿಸಿ ಓಡಿಸುವವರಿಗೆ ಆ ಜಾಗವಿರುವುದಿಲ್ಲ. ರಿಟರ್ನ್ ಪೈಪಿನಲ್ಲಿ ನೀರಿನ ಮಟ್ಟದ ತುಸು ಕೆಳಗೆ ಒಂದು ಸಣ್ಣ ರಂಧ್ರ ಕೊರೆದರೆ ಗಾಳಿ ಸೇರಿ ಸೈಫನ್ ಮುರಿಯುತ್ತದೆ. ಆ ರಂಧ್ರದಲ್ಲಿ ಪಾಚಿ ಕಟ್ಟದಂತೆ ತಿಂಗಳಿಗೊಮ್ಮೆ ಕಡ್ಡಿಯಾಡಿಸಬೇಕು. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಒಂದನ್ನೇ ನಂಬಬೇಡಿ. ಬಸವನಹುಳುವೊಂದು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ.

ಎರಡನೇ ಲೆಕ್ಕ ಓವರ್‌ಫ್ಲೋ ಕಟ್ಟಿಕೊಂಡಾಗಿನದು. ಎಲೆಯೊಂದು ಅಡ್ಡ ಬಂದರೂ ಪಂಪ್ ಮಾತ್ರ ಕೊನೆಯ ಕೋಣೆಯ ನೀರನ್ನು ಮೇಲಕ್ಕೆ ಕಳಿಸುತ್ತಲೇ ಇರುತ್ತದೆ. ಆ ಕೋಣೆಯಲ್ಲಿರುವಷ್ಟು ನೀರನ್ನು ಮೇಲಿನ ತೊಟ್ಟಿ ಚೆಲ್ಲದೆ ಹಿಡಿದುಕೊಳ್ಳಬೇಕು. ಹಾಗಾಗಿ ಪಂಪಿನ ಕೋಣೆ ಚಿಕ್ಕದಿರಲಿ.

ತೊಟ್ಟಿಗೆ ರಂಧ್ರ ಕೊರೆಸಿ ಓವರ್‌ಫ್ಲೋ ಮಾಡಿಸುವುದು ಎಲ್ಲಕ್ಕಿಂತ ಭದ್ರ. ಟಫನ್ಡ್ (ಕಾಯಿಸಿ ಗಟ್ಟಿಮಾಡಿದ) ಗಾಜನ್ನು ಕೊರೆಯಲಾಗದು, ಕೊರೆದರೆ ಪುಡಿಪುಡಿಯಾಗುತ್ತದೆ. ತಳದ ಗಾಜು ಯಾವುದೆಂದು ಮೊದಲೇ ಕೇಳಿ ತಿಳಿಯಿರಿ. ಈಗಾಗಲೇ ಮೀನಿರುವ ತೊಟ್ಟಿಗೆ ಅಂಚಿಗೆ ನೇತುಹಾಕುವ ಓವರ್‌ಫ್ಲೋ ಡಬ್ಬ ಸಿಗುತ್ತದೆ, ಆದರೆ ಅದು ನಿಂತಿರುವುದು ಸೈಫನ್ ಮೇಲೆ. ಕೊಳವೆಯಲ್ಲಿ ಗಾಳಿ ಗುಳ್ಳೆ ಸೇರಿ ಸೈಫನ್ ಮುರಿದರೆ ಮತ್ತೆ ಅದೇ ಎರಡನೇ ಲೆಕ್ಕ.

ಸದ್ದು ಸಂಪಿನ ಹಳೆಯ ದೂರು. ಒಂದೇ ಪೈಪಿನಲ್ಲಿ ನೀರೂ ಗಾಳಿಯೂ ಒಟ್ಟಿಗೆ ಇಳಿದಾಗ ಗುಳುಗುಳು ಎನ್ನುತ್ತದೆ. ಹರ್ಬಿ ಎಂಬ ವಿಧಾನದಲ್ಲಿ ಎರಡು ಪೈಪುಗಳಿರುತ್ತವೆ. ಒಂದರಲ್ಲಿ ವಾಲ್ವ್ ತಿರುಗಿಸಿ ಗಾಳಿಯಿಲ್ಲದೆ ಪೂರ್ತಿ ನೀರೇ ಇಳಿಯುವಂತೆ ಹದ ಮಾಡುತ್ತಾರೆ, ಇನ್ನೊಂದು ಆಪತ್ತಿಗೆಂದು ಖಾಲಿ ಇರುತ್ತದೆ. ಹದ ಮಾಡಲು ಅರ್ಧ ದಿನ ಹಿಡಿದರೂ ಆಮೇಲೆ ಮಲಗುವ ಕೋಣೆಯಲ್ಲೂ ಇಡಬಹುದು.

ಕರೆಂಟು ಖರ್ಚು ಇಲ್ಲಿ ತುಸು ಹೆಚ್ಚು, ಏಕೆಂದರೆ ನೀರನ್ನು ನಾಲ್ಕೈದು ಅಡಿ ಮೇಲೆತ್ತಬೇಕು. 60 ವ್ಯಾಟ್ ಪಂಪ್ ದಿನವಿಡೀ ಓಡಿದರೆ ತಿಂಗಳಿಗೆ 43 ಯೂನಿಟ್. 20 ವ್ಯಾಟ್ ಕ್ಯಾನಿಸ್ಟರಿಗೆ ಅದು 14. ಪಂಪ್ ಕೊಳ್ಳುವಾಗ ಗರಿಷ್ಠ ಹರಿವಿನ ಬದಲು ನಿಮ್ಮ ಎತ್ತರದಲ್ಲಿ ಎಷ್ಟು ಹರಿವು ಎಂಬ ಪಟ್ಟಿ ನೋಡಿ. ಮೂರು ಮೀಟರ್ ಗರಿಷ್ಠ ಎತ್ತರದ ಪಂಪ್ ಒಂದೂವರೆ ಮೀಟರಿನಲ್ಲಿ ತನ್ನ ಹರಿವಿನ ಸುಮಾರು ಅರ್ಧವನ್ನಷ್ಟೇ ಕೊಡುತ್ತದೆ.

ಕ್ಯಾನಿಸ್ಟರ್

ಮುಚ್ಚಿದ ಡಬ್ಬ, ಎರಡು ಪೈಪು, ಒಳಗೆ ತಟ್ಟೆಗಳಲ್ಲಿ ಮೀಡಿಯಾ. ಸದ್ದಿಲ್ಲ, ಸ್ಟ್ಯಾಂಡಿನೊಳಗೆ ಅಡಗುತ್ತದೆ, ತೊಟ್ಟಿಯನ್ನು ಕೊರೆಯಬೇಕಿಲ್ಲ, ತಂದ ದಿನವೇ ಓಡುತ್ತದೆ. ಬಾಡಿಗೆ ಮನೆಯವರಿಗೆ, ಮನೆ ಬದಲಿಸುವವರಿಗೆ ಇದು ದೊಡ್ಡ ಅನುಕೂಲ. ಗಿಡದ ತೊಟ್ಟಿಗೆ ಇಂಗಾಲದ ಡೈಆಕ್ಸೈಡ್ ಬಿಡುವವರಿಗೂ ಇದೇ ಸರಿ. ಸಂಪಿನಲ್ಲಿ ನೀರು ಬೀಳುವಾಗ ಆಮ್ಲಜನಕ ಬೆರೆಯುವ ಅದೇ ಕಾರಣಕ್ಕೆ ದುಡ್ಡು ಕೊಟ್ಟು ಬಿಟ್ಟ ಆ ಅನಿಲ ಹಾರಿಹೋಗುತ್ತದೆ. ಕ್ಯಾನಿಸ್ಟರಿನಲ್ಲಿ ಅದು ಉಳಿಯುತ್ತದೆ.

ಮುಚ್ಚಿರುವುದೇ ಅದರ ತೊಡಕೂ ಹೌದು. ಒಮ್ಮೆ ರಾತ್ರಿ ಹೋದ ಕರೆಂಟು ಒಂಬತ್ತು ಗಂಟೆಗಳ ಬಳಿಕ ಬಂತು. ಪಂಪ್ ತಾನಾಗಿ ಶುರುವಾಯಿತು. ಸ್ಪ್ರೇ ಬಾರಿನಿಂದ (ನೀರು ಹೊರಬರುವ ಸಾಲುರಂಧ್ರಗಳ ಪೈಪು) ಬೂದು ಬಣ್ಣದ ನೀರು ಚಿಮ್ಮಿದ್ದನ್ನು ನೋಡಿ ಓಡಿಹೋಗಿ ಪ್ಲಗ್ ಕಿತ್ತೆ. ಡಬ್ಬ ಬಿಚ್ಚಿದರೆ ಕೊಳೆತ ಮೊಟ್ಟೆಯ ವಾಸನೆ. ಒಳಗಿದ್ದ ಆಮ್ಲಜನಕವನ್ನು ಬ್ಯಾಕ್ಟೀರಿಯಾಗಳು ಬೇಗನೆ ಮುಗಿಸಿದ್ದವು, ಆಮೇಲೆ ಅವೇ ಸಾಯತೊಡಗಿದ್ದವು, ಉಳಿದದ್ದು ಕೊಳೆತಿತ್ತು. ಆ ವಾರ ದಿನವೂ ನೀರು ಬದಲಿಸಿದರೂ ಎರಡು ಮೀನು ಉಳಿಯಲಿಲ್ಲ. ಅಂದಿನಿಂದ ನನ್ನ ನಿಯಮ ಇದು: ಎರಡು ಮೂರು ಗಂಟೆಗಿಂತ ಹೆಚ್ಚು ನಿಂತ ಕ್ಯಾನಿಸ್ಟರನ್ನು ಬಿಚ್ಚಿ, ಒಳಗಿನ ನೀರು ಚೆಲ್ಲಿ, ಮೀಡಿಯಾವನ್ನು ತೊಟ್ಟಿಯ ನೀರಿನಲ್ಲಿ ಅಲುಗಿಸಿ ಆಮೇಲೆ ಶುರು ಮಾಡುವುದು. ಕರೆಂಟು ಬರುವುದು ತಡವೆಂದು ಗೊತ್ತಾದರೆ ಮೀಡಿಯಾ ತಟ್ಟೆಗಳನ್ನು ಹೊರತೆಗೆದು ಒಂದು ಟಬ್ಬಿನಲ್ಲಿ ಒದ್ದೆಯಾಗಿ, ಗಾಳಿಯಾಡುವಂತೆ ಇಡುವುದು ಇನ್ನೂ ಒಳ್ಳೆಯದು.

ತೊಳೆಯುವ ಕೆಲಸವನ್ನೂ ಇದ್ದಂತೆ ಹೇಳಬೇಕು. ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ, ಪೈಪು ಕಳಚಿ, ನೀರು ತುಂಬಿದ ಭಾರದ ಡಬ್ಬವನ್ನು ತೊಟ್ಟಿಕ್ಕಿಸಿಕೊಂಡು ಬಚ್ಚಲಿಗೆ ಒಯ್ದು, ತಟ್ಟೆ ತಟ್ಟೆಯಾಗಿ ತೊಳೆದು, ಮುಚ್ಚಳದ ರಬ್ಬರ್ ಬಳೆಯಾದ ಓ-ರಿಂಗ್ ಒರೆಸಿ ಸಿಲಿಕೋನ್ ಗ್ರೀಸ್ ಸವರಿ, ಮತ್ತೆ ಜೋಡಿಸಿ ಗಾಳಿ ಹೊರಹಾಕುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ. ಹೀಗಾಗಿಯೇ ಜನ ಮುಂದೂಡುತ್ತಾರೆ, ಹಿಕ್ಕೆ ಡಬ್ಬದೊಳಗೇ ಕೂತು ಕರಗುತ್ತದೆ. ಕಣ್ಣಿಗೆ ತೊಟ್ಟಿ ತಿಳಿಯಾಗಿಯೇ ಇರುತ್ತದೆ, ನೈಟ್ರೇಟ್ ಏರುತ್ತಲೇ ಇರುತ್ತದೆ. ಒಳಹೀರುವ ಪೈಪಿನ ಬಾಯಿಗೆ ಒರಟು ಸ್ಪಂಜೊಂದನ್ನು ತೊಡಿಸಿ ವಾರಕ್ಕೊಮ್ಮೆ ಹಿಂಡಿದರೆ ಡಬ್ಬ ಬಿಚ್ಚುವ ಅವಧಿ ಎರಡು ಮೂರು ಪಟ್ಟು ದೂರ ಹೋಗುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ವಸ್ತು ಈ ಹವ್ಯಾಸದಲ್ಲಿ ಇನ್ನೊಂದಿಲ್ಲ.

ನೆಲಕ್ಕೆ ಬೀಳುವ ನೀರಿನ ವಿಚಾರದಲ್ಲಿ ಬಹಳ ಜನರ ಅಂದಾಜು ತಪ್ಪಿರುತ್ತದೆ. ಸಂಪ್ ಚೆಲ್ಲುತ್ತದೆ, ಕ್ಯಾನಿಸ್ಟರ್ ಚೆಲ್ಲುವುದಿಲ್ಲ ಎನ್ನುತ್ತಾರೆ. ಲೆಕ್ಕ ಸರಿಯಿರುವ ಸಂಪ್ ಚೆಲ್ಲುವ ನೀರಿಗೆ ಒಂದು ಮಿತಿಯಿದೆ. ಕ್ಯಾನಿಸ್ಟರಿನ ಪೈಪು ಕಳಚಿದರೆ ಅಥವಾ ಸೀಲು ಬಿಟ್ಟರೆ, ಒಳಹೀರುವ ಬಾಯಿ ಎಲ್ಲಿಯವರೆಗೆ ಇಳಿದಿದೆಯೋ ಅಲ್ಲಿಯವರೆಗೆ ತೊಟ್ಟಿ ಬರಿದಾಗಬಹುದು. ಆ ಬಾಯಿಯನ್ನು ತಳಕ್ಕೆ ತಾಗಿಸದೆ ಅರ್ಧ ಎತ್ತರದಲ್ಲಿಟ್ಟರೆ ಕಸ ಹೀರುವುದು ತುಸು ಕಡಿಮೆಯಾಗುತ್ತದೆ, ಆದರೆ ಮೀನಿಗೆ ಅರ್ಧ ತೊಟ್ಟಿ ನೀರು ಉಳಿಯುತ್ತದೆ.

680 ಲೀಟರಿಗೆ ಒಂದು ದೈತ್ಯ ಕ್ಯಾನಿಸ್ಟರಿಗಿಂತ ಮಧ್ಯಮ ಗಾತ್ರದ ಎರಡನ್ನು ಹಾಕಿ ಎನ್ನುತ್ತೇನೆ. ಒಂದು ತಿಂಗಳು ಒಂದನ್ನು, ಮುಂದಿನ ತಿಂಗಳು ಇನ್ನೊಂದನ್ನು ತೊಳೆಯಿರಿ. ಒಂದು ಕೆಟ್ಟರೆ ಇನ್ನೊಂದು ತೊಟ್ಟಿಯನ್ನು ಕಾಯುತ್ತದೆ. ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ), ಓ-ರಿಂಗ್ ಬಿಡಿಯಾಗಿ ಸಿಗುವ ಮಾದರಿಯನ್ನೇ ಕೊಳ್ಳಿ.

ಟಾಪ್ ಫಿಲ್ಟರ್

ತೊಟ್ಟಿಯ ಮೇಲೆ ಕೂರುವ ಉದ್ದ ಡಬ್ಬ. ಸಣ್ಣ ಪಂಪ್ ನೀರನ್ನು ಎರಡು ಗೇಣು ಮೇಲೆತ್ತಿ ಉಣ್ಣೆ, ರಿಂಗುಗಳ ಮೇಲೆ ಸುರಿಯುತ್ತದೆ, ಅದು ಸೋರಿ ಮತ್ತೆ ತೊಟ್ಟಿಗೇ ಬೀಳುತ್ತದೆ. ನೋಡಲು ಸೊಗಸಿಲ್ಲವೆಂದು ಇದನ್ನು ಬದಿಗೆ ಸರಿಸುವವರೇ ಹೆಚ್ಚು. ನನಗೆ ಇದರ ಮೇಲೆ ಗೌರವವಿದೆ. ಗಾಳಿ ಚೆನ್ನಾಗಿ ಬೆರೆಯುತ್ತದೆ. ಕರೆಂಟು ಹೋದಾಗ ನೀರು ಬಸಿದುಹೋಗಿ ಮೀಡಿಯಾ ಒದ್ದೆಯಾಗಿ ಗಾಳಿಯಲ್ಲಿ ಉಳಿಯುವುದರಿಂದ ಬ್ಯಾಕ್ಟೀರಿಯಾ ಉಸಿರುಕಟ್ಟುವುದಿಲ್ಲ. ಉಣ್ಣೆ ಬದಲಿಸಲು ಬಗ್ಗಲೂ ಬೇಡ. ಬೆಲೆ ಎಲ್ಲಕ್ಕಿಂತ ಕಡಿಮೆಯ ಸಾಲಿನಲ್ಲಿದೆ. ತೊಂದರೆ ಎಂದರೆ ಮುಚ್ಚಳ, ದೀಪಗಳ ಜಾಗವನ್ನು ಕಬಳಿಸುತ್ತದೆ. ಅರೋವಾನದಂಥ ನೆಗೆಯುವ ಮೀನಿದ್ದರೆ ಉಳಿದ ಸಂದನ್ನೆಲ್ಲ ಭದ್ರವಾಗಿ ಮುಚ್ಚಬೇಕು. ಉಣ್ಣೆ ಕಟ್ಟಿಕೊಂಡರೆ ಡಬ್ಬದ ಹಿಂದಿನಿಂದ ನೀರು ಹೊರಗೆ ಚೆಲ್ಲಬಹುದು, ಆದ್ದರಿಂದ ತುಂಬಿ ಬಂದ ನೀರು ತೊಟ್ಟಿಯೊಳಕ್ಕೇ ಬೀಳುವ ಹಾದಿ ಇರುವ ಮಾದರಿಯನ್ನು ಆರಿಸಿ.

ಸ್ಪಂಜು ಮತ್ತು ಮ್ಯಾಟನ್ ಫಿಲ್ಟರ್

ಏರ್ ಪಂಪಿನಿಂದ ಓಡುವ ಸ್ಪಂಜು ಒಂದೇ ದೊಡ್ಡ ತೊಟ್ಟಿಗೆ ಸಾಲದು. ಆದರೆ ಜೊತೆಗಾರನಾಗಿ ಅದಕ್ಕೆ ಸಾಟಿಯಿಲ್ಲ. ಬ್ಯಾಟರಿಯಿರುವ ಏರ್ ಪಂಪಿಗೆ ಎರಡು ದೊಡ್ಡ ಸ್ಪಂಜುಗಳನ್ನು ಕಟ್ಟಿಟ್ಟರೆ ಕರೆಂಟಿಲ್ಲದ ರಾತ್ರಿ ಮೀನೂ ಉಳಿಯುತ್ತದೆ, ಸ್ಪಂಜಿನ ಬ್ಯಾಕ್ಟೀರಿಯಾವೂ ಉಳಿಯುತ್ತದೆ.

ಇದರ ದೊಡ್ಡಣ್ಣ ಹ್ಯಾಂಬರ್ಗ್ ಮ್ಯಾಟನ್ ಫಿಲ್ಟರ್. ತೊಟ್ಟಿಯ ಒಂದು ಬದಿಗೆ ಗೋಡೆಯಂತೆ ನಿಲ್ಲಿಸಿದ ಎರಡಂಗುಲ ದಪ್ಪದ ಒರಟು ಸ್ಪಂಜು, ಅದರ ಹಿಂದೆ ಪಂಪ್. ಸ್ಪಂಜಿನ ಮೂಲಕ ನೀರು ನಿಮಿಷಕ್ಕೆ 5ರಿಂದ 10 ಸೆಂಟಿಮೀಟರ್ ವೇಗದಲ್ಲಿ ಸಾಗಬೇಕು ಎಂಬುದು ಇದರ ಸೂತ್ರ. ಎರಡಡಿಗೆ ಎರಡಡಿ ಗೋಡೆಯಾದರೆ ಗಂಟೆಗೆ ಸುಮಾರು 1100ರಿಂದ 2200 ಲೀಟರ್ ಆಯಿತು. ನಾಲ್ಕಡಿಯ ತೊಟ್ಟಿಗೆ ಇದು ಸಾಕಷ್ಟಾಯಿತು. ತಿಂಗಳುಗಟ್ಟಲೆ ಮುಟ್ಟಬೇಕಿಲ್ಲ, ಮರಿಗಳು, ಸಿಗಡಿಗಳು ಹೀರಿಹೋಗುವುದಿಲ್ಲ. ಸಣ್ಣ ಮೀನುಗಳ ತೊಟ್ಟಿಗೂ ಮರಿ ಮಾಡಿಸುವವರಿಗೂ ನಾನು ಮೊದಲು ಹೇಳುವುದು ಇದನ್ನೇ. ಆಸ್ಕರ್, ದೊಡ್ಡ ಸಿಕ್ಲಿಡ್‌ಗಳು ಸ್ಪಂಜನ್ನು ಕಿತ್ತು ತಿನ್ನುತ್ತವೆ, ಅವಕ್ಕೆ ಬೇಡ.

ಅಂಚಿಗೆ ನೇತುಹಾಕುವ ಫಿಲ್ಟರ್, ನೀರೊಳಗಿನ ಪವರ್ ಫಿಲ್ಟರ್ ಎರಡೂ ಈ ಗಾತ್ರಕ್ಕೆ ಚಿಕ್ಕವು, ನೆರವಿಗೆ ಮಾತ್ರ ಇಟ್ಟುಕೊಳ್ಳಿ. ಜಲ್ಲಿಯಡಿಯ ತಟ್ಟೆ ಫಿಲ್ಟರನ್ನು ನೆಲ ಅಗೆಯುವ ಮೀನಿರುವಲ್ಲಿ, ಮರಳು ಹಾಸಿರುವಲ್ಲಿ ಹಾಕಬಾರದು. ಅದರಡಿಯ ರಾಡಿ ತೆಗೆಯಲು ತೊಟ್ಟಿಯನ್ನೇ ಬಿಚ್ಚಬೇಕಾಗುತ್ತದೆ.

ಯಾರಿಗೆ ಯಾವುದು

ಆಸ್ಕರ್, ಅರೋವಾನ, ಗೋಲ್ಡ್‌ಫಿಶ್ ಗುಂಪಿನಂಥ ಹೆಚ್ಚು ತಿಂದು ಹೆಚ್ಚು ಹೊಲಸು ಮಾಡುವ ಮೀನುಗಳಿಗೆ ಸಂಪ್. ಈ ಮೀನುಗಳು ಬೆಳೆದ ಮೇಲೆ ಸಂಪ್ ಹಾಕೋಣ ಎನ್ನಬೇಡಿ, ನೀರು ತುಂಬಿದ ತೊಟ್ಟಿಗೆ ಆಮೇಲೆ ರಂಧ್ರ ಕೊರೆಯಲಾಗದು. ಸಂಪ್ ಆಗದ ಮನೆಯಾದರೆ ಟಾಪ್ ಫಿಲ್ಟರೊಂದು, ಕ್ಯಾನಿಸ್ಟರೊಂದು ಜೊತೆಯಾಗಿ. ಕಸವನ್ನು ಮೊದಲನೆಯದು ಹಿಡಿಯಲಿ, ಉಳಿದದ್ದನ್ನು ಎರಡನೆಯದು ನೋಡಿಕೊಳ್ಳಲಿ.

ಗಿಡದ ತೊಟ್ಟಿಗೆ ಎರಡು ಕ್ಯಾನಿಸ್ಟರ್, ಬಾಯಿಗೆ ಸ್ಪಂಜು. ಇಲ್ಲಿ ಹರಿವಿನ ಕೆಲಸ ಅಮೋನಿಯಾಕ್ಕಿಂತ ಹೆಚ್ಚಾಗಿ ಗೊಬ್ಬರ, ಅನಿಲಗಳನ್ನು ಮೂಲೆಮೂಲೆಗೆ ತಲುಪಿಸುವುದು. ಗಿಡ ದಟ್ಟವಾಗಿ ಬೆಳೆಯುತ್ತಿದ್ದರೆ ಅಮೋನಿಯಾವನ್ನು ಅವೂ ಹೀರುತ್ತವೆ, ಹಾಗಾಗಿ ದುಬಾರಿ ಮೀಡಿಯಾಕ್ಕೆ ದುಡ್ಡು ಸುರಿಯಬೇಡಿ.

ಡಿಸ್ಕಸ್ ಪ್ರಶ್ನೆ ಸೂಕ್ಷ್ಮದ್ದು. ಅವಕ್ಕೆ 28ರಿಂದ 30 ಡಿಗ್ರಿ ಬೇಕು, ಆ ಬಿಸಿಯಲ್ಲಿ ಆಮ್ಲಜನಕ ಕಡಿಮೆ, ಮೇಲಾಗಿ ರಭಸದ ಹರಿವು ಅವಕ್ಕೆ ಆಗದು. ಸಂಪಿನ ರಿಟರ್ನ್ ನೀರನ್ನು ಎರಡು ಮೂರು ಬಾಯಿಗಳಾಗಿ ಹಂಚಿ ಮೇಲ್ಮೈಯನ್ನಷ್ಟೇ ಕದಡುವಂತೆ ತಿರುಗಿಸಿದರೆ ಎರಡೂ ಒದಗುತ್ತದೆ. ಸಂಪ್ ಬೇಡವೆಂದರೆ ದೊಡ್ಡ ಸ್ಪಂಜುಗಳ ಜೊತೆ ಸ್ಪ್ರೇ ಬಾರಿರುವ ಕ್ಯಾನಿಸ್ಟರ್.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಟಾಪ್ ಫಿಲ್ಟರ್, ಎರಡು ದೊಡ್ಡ ಸ್ಪಂಜು, ಬ್ಯಾಟರಿ ಏರ್ ಪಂಪ್. ಇಷ್ಟರಲ್ಲಿ ಹದವಾಗಿ ಮೀನಿರುವ ನಾಲ್ಕಡಿಯ ತೊಟ್ಟಿ ವರ್ಷಗಟ್ಟಲೆ ಚೆನ್ನಾಗಿರುತ್ತದೆ. ಸ್ವಂತ ಕೈಯಿಂದ ಗಾಜು ಅಂಟಿಸಬಲ್ಲವರಿಗೆ ಸಂಪ್ ಅಗ್ಗವಾಗುತ್ತದೆ, ಆದರೆ ಉಳಿದ ದುಡ್ಡನ್ನು ಒಳ್ಳೆಯ ರಿಟರ್ನ್ ಪಂಪಿಗೇ ಹಾಕಿ. ಮೀಡಿಯಾದ ಮೇಲೆ ಉಳಿಸಬಹುದು, ಒರಟು ಸ್ಪಂಜು, ಲಾವಾ ಕಲ್ಲು ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಮನೆಯೇ. ಪಂಪಿನ ಮೇಲೆ, ಪೈಪಿನ ಜೋಡಣೆಯ ಮೇಲೆ, ಕರೆಂಟಿನ ಸುರಕ್ಷತೆಯ ಮೇಲೆ ಉಳಿಸಬಾರದು. ಯಾವ ಫಿಲ್ಟರಾದರೂ ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಲಿ, ಜಾರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ನೆಲಸೋರಿಕೆಗೆ ತಾನಾಗಿ ಕಡಿದುಕೊಳ್ಳುವ ಸ್ವಿಚ್ ಇರುವ ಲೈನಿನಿಂದಲೇ ಕರೆಂಟು ಕೊಡಿ.

ಫಿಲ್ಟರ್ ಬದಲಿಸುವ ದಿನ

ಆರಿಸಿ ತಂದಾಯಿತು ಎಂದು ಹಳೆಯದನ್ನು ಅಂದೇ ಕಿತ್ತುಹಾಕಬೇಡಿ. ಹೊಸ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಎರಡೂ ಜೊತೆಯಲ್ಲಿ ಓಡಲಿ. ಹಳೆಯ ಸ್ಪಂಜನ್ನು ತೊಳೆಯುವುದಾದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ, ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಆರು ವಾರ ಕಳೆದ ಮೇಲೆ ಹಳೆಯ ಫಿಲ್ಟರನ್ನು ನಿಲ್ಲಿಸಿ, ಅದರ ಸ್ಪಂಜು, ರಿಂಗುಗಳನ್ನು ಹೊಸದರ ಒಂದು ಮೂಲೆಗೆ ಸೇರಿಸಿ, ಮುಂದಿನ ಒಂದು ವಾರ ತಿನಿಸು ಅರ್ಧಕ್ಕಿಳಿಸಿ. ದಿನ ಬಿಟ್ಟು ದಿನ ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ನೋಡಿ. ಎರಡೂ ಸೊನ್ನೆಯಲ್ಲೇ ನಿಂತಿದ್ದರೆ ಹಳೆಯ ಡಬ್ಬವನ್ನು ಒಣಗಿಸಿ ಎತ್ತಿಡಬಹುದು. ಸ್ವಲ್ಪ ಏರಿದರೂ ಕಾಲು ಭಾಗ ನೀರು ಬದಲಿಸಿ, ತಿನಿಸನ್ನು ಇನ್ನೊಂದು ವಾರ ಅರ್ಧಕ್ಕೇ ಇಡಿ.